ಬೀಗ ಹಾಕಿದ ಬಾವಿ

ಮೊದಲು, ಈ ಕಥೆ ಶುರುವಾದಾಗ ಇದ್ದ ಸಂಗತಿಗಳು.

ಕಲಬುರ್ಗಿಯ ಶಹಾಬಜಾರದಲ್ಲಿ ನಮ್ಮ ಓಣಿ ಇದೆ. ಓಣಿಯ ನಡುವೆ ಒಂದು ದೊಡ್ಡ ವಾಡೆ ಇದೆ. ವಾಡೆಯಲ್ಲಿ ಯಾರೂ ಇಲ್ಲ. ಇದ್ದ ಯಜಮಾನರು ಪ್ಲೇಗಿನ ವರ್ಷ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ವಾಡೆಯ ಅಂಗಳದಲ್ಲಿ ಒಂದು ಬಾವಿ ಇದೆ. ಅದರಲ್ಲಿ ಬೇಸಿಗೆಗೂ ಬತ್ತದ ಸಿಹಿನೀರಿದೆ. ಓಣಿಯ ಉಳಿದ ಬಾವಿಗಳ ನೀರು ಉಪ್ಪು. ಅದರಲ್ಲಿ ಬೇಳೆ ಬೇಯುವುದಿಲ್ಲ. ವಾಡೆಯ ತಲೆಬಾಗಿಲಿಗೆ ಬೀಗವಿದೆ. ಬೀಗದ ಮೇಲೆ ಸರ್ಕಾರದ ಅರಗಿನ ಮೊಹರಿದೆ. ಆದ್ದರಿಂದ ಓಣಿಯ ಹೆಂಗಸರು ದಿನವೂ ಊರಾಚೆಯ ಕೆರೆಯಿಂದ ನೀರು ಹೊತ್ತು ತರುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ಅತ್ತಿಗೆ ತುಂಬಿದ ಕೊಡದ ಸಮೇತ ಆ ಕೆರೆಯ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಅಂದಿನಿಂದ ಅವರು ಕುಂಟುತ್ತಾರೆ. ಕೊಡ ಹೊರುವುದು ಮಾತ್ರ ನಿಂತಿಲ್ಲ.

ಈ ಸಂಗತಿಗಳಲ್ಲಿ ನಗುವಂಥದ್ದು ಏನಿದೆ ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಆದರೆ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಮರಳಿ ಬಂದು, ಈ ವಾಡೆಯನ್ನು ಓಣಿಯ ಬಳಕೆಗೆ ಬಿಟ್ಟುಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಬರೆದ ದಿನದಿಂದ ಒಂದಾದ ಮೇಲೊಂದು ನಗೆಯ ಪ್ರಸಂಗ ನಡೆಯುತ್ತಲೇ ಇದೆ. ನಮ್ಮ ಊರಿನಲ್ಲಿ ಇಂಥವು ನಿಲ್ಲುವುದಿಲ್ಲ. ನಿಲ್ಲಿಸುವ ಅಧಿಕಾರ ಯಾವ ಕಚೇರಿಗೆ ಸೇರಿದ್ದೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಮಾಲಕರು ಮನೆಯಲ್ಲಿಲ್ಲ

ವಾರಸುದಾರರಿಲ್ಲದ ಮನೆಗಳಿಗೆ ಸರ್ಕಾರದ ಭಾಷೆಯಲ್ಲಿ ಲಾವಾರಿಸ್ ಆಸ್ತಿ ಎನ್ನುತ್ತಾರೆ. ಅವುಗಳನ್ನು ನೋಡಿಕೊಳ್ಳಲು ಒಂದು ಕಚೇರಿ, ಕಚೇರಿಗೆ ಒಬ್ಬ ಸಾಹೇಬರು, ಸಾಹೇಬರಿಗೆ ಒಬ್ಬ ಚಪರಾಸಿ ಇದ್ದಾರೆ. ನಮ್ಮ ಅರ್ಜಿಯ ಮೇಲೆ ಆ ಕಚೇರಿ ಕೈಗೊಂಡ ಮೊದಲ ಕ್ರಮವೆಂದರೆ ವಾಡೆಯ ಮಾಲಕರಿಗೆ ನೋಟೀಸು ಹೊರಡಿಸಿದ್ದು. ನೋಟೀಸನ್ನು ಅವರ ಕೈಗೇ ಕೊಡಬೇಕೆಂಬುದು ನಿಯಮ. ಚಪರಾಸಿ ಅದನ್ನು ಹಿಡಿದು ಬಂದು, ಬೀಗ ಹಾಕಿದ ಬಾಗಿಲನ್ನು ತಟ್ಟಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದು, ಎದುರು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅತ್ತಿಗೆಯನ್ನು ಕೇಳಿದ.

"ಮಾಲಕರು ಎಲ್ಲಿ ಹೋಗ್ಯಾರವ್ವಾ?"

"ಸತ್ತಾರ."

"ಅದು ನನಗೂ ಗೊತ್ತದ. ಈಗ ಮನ್ಯಾಗ ಅದಾರೋ ಇಲ್ಲೋ, ಅಷ್ಟ ಹೇಳು."

"ಇಲ್ಲ."

"ಮತ್ತ ಯಾವಾಗ ಬರ್ತಾರ?"

"ನೀನ ಹೋಗಿ ಕೇಳ್ಕೊಂಡು ಬಾರಪ್ಪಾ."

ಆತ ಬೇಸರಿಸಲಿಲ್ಲ. 'ಮಾಲಕರು ಮನೆಯಲ್ಲಿಲ್ಲ' ಎಂದು ಬರೆದುಕೊಂಡು ಹೋದ. ಮತ್ತೆ ಬಂದ. ಮತ್ತೆ ತಟ್ಟಿದ. ಇದು ಹಲವು ಸಲ ನಡೆದ ಮೇಲೆ ನಾನೇ ಕಚೇರಿಗೆ ಹೋದೆ. ಸಾಹೇಬರು ನನ್ನೊಡನೆ ಉರ್ದುವಿನಲ್ಲಿ ಮಾತನಾಡಿದರು. ಅವರ ಮಾತುಗಳನ್ನು ಇಲ್ಲಿಯೂ ಮುಂದೆಯೂ ಕನ್ನಡಿಸಿ ಕೊಡುತ್ತಿದ್ದೇನೆ.

"ಮಾಲಕರು ಸತ್ತಿದ್ದಾರೆಂದೇ ತಾವು ಬಾಗಿಲಿಗೆ ಮೊಹರು ಹಾಕಿಸಿದ್ದೀರಿ" ಎಂದೆ. "ಸತ್ತವರಿಗೆ ನೋಟೀಸು ತಲುಪಿಸುವುದು ಹೇಗೆ?"

"ಕಷ್ಟವೆಂಬುದು ನಮಗೂ ತಿಳಿದಿದೆ" ಎಂದು ಅವರು ಒಪ್ಪಿಕೊಂಡರು. "ಆದರೆ ತಲುಪಿಸದೆ ಮುಂದುವರಿದು, ನಾಳೆ ಅವರೇ ಬಂದು ತಕರಾರು ತೆಗೆದರೆ?"

ಹಾಗೇನಾದರೂ ಬಂದರೆ ಆ ತಕರಾರನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳಲು ನಾನು ಸಿದ್ಧನಿದ್ದೇನೆ ಎಂದೆ. ಅವರು ನೆಮ್ಮದಿಯಿಂದ ತಲೆಯಾಡಿಸಿ ಅದನ್ನೂ ಬರೆದುಕೊಂಡರು.

ಮುಂಬಾಗಿಲು

ವಾಡೆಯ ಹಿಂದಿನ ಗೋಡೆ ಬಿದ್ದು ಎಷ್ಟೋ ಕಾಲವಾಗಿತ್ತು. ಅಲ್ಲಿ ಒಂದು ಎತ್ತಿನ ಬಂಡಿ ಸರಾಗವಾಗಿ ಹೋಗುವಷ್ಟು ದೊಡ್ಡ ಕಂಡಿ ಇತ್ತು. ಹಾಗಾದರೆ ಹೆಂಗಸರು ಅದರ ಮೂಲಕ ಹೋಗಿ ನೀರು ಏಕೆ ಸೇದಲಿಲ್ಲ ಎಂದು ಕೇಳುವವರಿಗೆ ಉತ್ತರ: ಒಬ್ಬಾಕೆ ಸೇದಿದ್ದಾಳೆ. ಮುಂದೆ ಮೊಹರಿರುವಾಗ ಹಿಂದಿನಿಂದ ಹೋದದ್ದು ಕಳವು ಎಂದು ಅವಳ ತಾಮ್ರದ ಕೊಡವನ್ನು ಜಪ್ತಿ ಮಾಡಿದರು. ಕೊಡ ಈಗಲೂ ಠಾಣೆಯಲ್ಲಿದೆ. ಅದರಿಂದ ಠಾಣೆಯವರು ನೀರು ಕುಡಿಯುತ್ತಾರೆ.

ನಮ್ಮ ಅರ್ಜಿಯ ಮೇರೆಗೆ ಸಾಹೇಬರು ಟಾಂಗಾದಲ್ಲಿ ಸ್ಥಳ ನೋಡಲು ಬಂದರು. ಕೀಲಿಕೈ ತಂದಿರಲಿಲ್ಲ. ಅದು ಹೈದರಾಬಾದಿನಲ್ಲಿದೆ ಎಂದರು. ಚಿಂತೆಯಿಲ್ಲವೆಂದು ನಾನು ಅವರನ್ನು ಹಿಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನಿಂತರೆ ಅಂಗಳ, ಬಾವಿ, ಕುಸಿದ ಪಡಸಾಲೆ, ಎಲ್ಲವೂ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಸಾಹೇಬರು ಚೆನ್ನಾಗಿಯೇ ನೋಡಿದರು. ನೋಡಿದ ಮೇಲೆ ಕೇಳಿದರು:

"ಇದು ಬಾಗಿಲೇ?"

"ಅಲ್ಲ, ಬಿದ್ದ ಗೋಡೆ."

"ಬಿದ್ದ ಗೋಡೆಯಿಂದ ನೋಡಿದರೆ ಅದು ತಪಾಸಣೆ ಎನಿಸುವುದಿಲ್ಲ."

ಮತ್ತೆ ಮುಂದಕ್ಕೆ ಬಂದು, ತಲೆಬಾಗಿಲಿನ ಎದುರು ಕುರ್ಚಿ ಹಾಕಿಸಿ ಕುಳಿತು, ಅರಗು ಒಡೆದಿಲ್ಲವೆಂಬುದನ್ನು ಬಗ್ಗಿ ಬಗ್ಗಿ ಖಚಿತಪಡಿಸಿಕೊಂಡು, 'ಆಸ್ತಿ ಭದ್ರವಾಗಿದೆ, ಒಳಗೆ ಹೋಗಲು ಯಾವ ಪ್ರಾಣಿಗೂ ಸಾಧ್ಯವಿಲ್ಲ' ಎಂದು ಜೊತೆಗೆ ಬಂದ ಚಪರಾಸಿಯಿಂದ ಬರೆಸತೊಡಗಿದರು. ಅಷ್ಟರಲ್ಲಿ, ಮಧ್ಯಾಹ್ನದ ಬಿಸಿಲಿಗೆ ವಾಡೆಯ ಪಡಸಾಲೆಯಲ್ಲಿ ಮಲಗಿದ್ದ ಎಮ್ಮೆಯೊಂದು ಎದ್ದು, ಹಿಂದಿನ ಕಂಡಿಯಿಂದ ಹೊರಬಿದ್ದು, ಸಂದಿಯನ್ನು ಸುತ್ತಿ ಬಂದು ಅವರ ಕುರ್ಚಿಯ ಪಕ್ಕದಲ್ಲೇ ನಿಂತಿತು. ಸಾಹೇಬರು ಸೌಜನ್ಯದಿಂದ ಕಾಲು ಹಿಂದೆಳೆದುಕೊಂಡು ಅದಕ್ಕೆ ದಾರಿ ಬಿಟ್ಟರು. ಬರೆಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹೊಸ್ತಿಲು

ನಮ್ಮ ಕಡೆ ಒಂದು ಪದ್ಧತಿ ಇದೆ. ಸಾಲಿನಲ್ಲಿ ಒಂದು ಮನೆ ಬರಿದಾಗಿದ್ದರೂ ಅದರ ಹೊಸ್ತಿಲು ಬರಿದಾಗಿ ಇರಕೂಡದು. ಇದ್ದರೆ ಇಡೀ ಓಣಿಗೆ ಕೇಡೆಂಬ ನಂಬಿಕೆ. ಆದ್ದರಿಂದ ಅಕ್ಕಪಕ್ಕದ ಹೆಂಗಸರು ಸರದಿಯ ಮೇಲೆ ವಾಡೆಯ ಹೊಸ್ತಿಲನ್ನು ಗುಡಿಸಿ, ಸೆಗಣಿಯಿಂದ ಸಾರಿಸಿ, ರಂಗೋಲಿ ಹಾಕುತ್ತಿದ್ದರು. ತಮಗೆ ಒಂದು ಕೊಡ ನೀರನ್ನೂ ಕೊಡದ ಮನೆಗೆ ಕೆರೆಯಿಂದ ಹೊತ್ತು ತಂದ ನೀರನ್ನು ಚಿಮುಕಿಸುವ ಈ ಔದಾರ್ಯ ನನಗೆ ಅರ್ಥವಾಗಿಲ್ಲ. ಸಾಹೇಬರಿಗೆ ಅದು ಬೇರೆಯೇ ರೀತಿಯಲ್ಲಿ ಅರ್ಥವಾಯಿತು.

ಎರಡನೆಯ ಸಲ ಬಂದಾಗ ಅವರು ಹಸಿ ರಂಗೋಲಿಯ ಮುಂದೆ ತಟ್ಟನೆ ನಿಂತರು.

"ಈ ಮನೆಯಲ್ಲಿ ಯಾರೋ ವಾಸವಾಗಿದ್ದಾರೆ."

"ಬೀಗ ತಮ್ಮದು, ಮೊಹರು ತಮ್ಮದು. ವಾಸವಾಗಿರುವವರು ಒಳಗೆ ಹೋದದ್ದು ಹೇಗೆ?" ಎಂದೆ.

"ಅದನ್ನೇ ವಿಚಾರಿಸಬೇಕಾಗಿದೆ. ಜನ ವಾಸಿಸುವ ಮನೆಯನ್ನು ಲಾವಾರಿಸ್ ಎಂದು ಓಣಿಗೆ ಕೊಡಲು ಬರುವುದಿಲ್ಲ."

ಅಂದೇ ಸಂಜೆ ನಾನು ಓಣಿಯ ಹೆಂಗಸರಿಗೆ ಹೊಸ್ತಿಲನ್ನು ಮುಟ್ಟಬೇಡಿರೆಂದು ತಾಕೀತು ಮಾಡಿದೆ. "ಹಂಗ ಬಿಟ್ರ ಓಣಿಗೇ ಒಳ್ಳೇದಲ್ಲೋ ತಮ್ಮಾ" ಎಂದು ಅತ್ತಿಗೆ ಗೊಣಗಿದರು. ಆದರೂ ಬಿಟ್ಟರು. ಸೆಗಣಿ ಬಿತ್ತು, ಎಲೆ ಬಿತ್ತು, ಕತ್ತೆಗಳು ಬಂದು ನಿಲ್ಲತೊಡಗಿದವು. ಯಾರೂ ವಾಸವಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಡವೆಂದು ನಾನು ನಿಶ್ಚಿಂತನಾಗಿದ್ದೆ.

ಮೂರನೆಯ ಸಲ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಟಾಂಗಾದಿಂದ ಇಳಿದರು. "ಸರ್ಕಾರಿ ಆಸ್ತಿಯ ಮುಂದೆ ಇಂಥ ಹೊಲಸೇ? ನಾನು ಇಲ್ಲಿರುವಾಗಲೇ ಗುಡಿಸಿ ಸಾರಿಸಬೇಕು" ಎಂದು ಗುಡುಗಿದರು. ಹೆಂಗಸರು ಓಡಿಬಂದು ಗುಡಿಸಿದರು, ಸಾರಿಸಿದರು. ಕೈಗೆ ಅಭ್ಯಾಸವಾಗಿಹೋಗಿದ್ದರಿಂದ ರಂಗೋಲಿಯನ್ನೂ ಎಳೆದುಬಿಟ್ಟರು. ಸಾಹೇಬರು ಪಕ್ಕದ ಅಂಗಡಿಯಲ್ಲಿ ಪಾನು ಹಾಕಿಕೊಂಡು ಬಂದವರೇ ಹೊಸ್ತಿಲನ್ನು ನೋಡಿ, ನನ್ನ ಭುಜ ತಟ್ಟಿ ಹೇಳಿದರು:

"ನೋಡಿದಿರಾ? ವಾಸವಿದ್ದಾರೆಂದು ನಾನು ಮೊದಲೇ ಹೇಳಲಿಲ್ಲವೇ?"

ಬೇವಿನ ಗಿಡದ ಕೆಳಗೆ

ತಪ್ಪೆಲ್ಲ ಸರ್ಕಾರದ್ದೆಂದು ಬರೆದರೆ ನಮ್ಮವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವರ ಪಾಲನ್ನೂ ಅವರಿಗೆ ಸಲ್ಲಿಸುತ್ತೇನೆ.

ಅರ್ಜಿಗೆ ಅನುಕೂಲವಾಗುವ ಸೂಚನೆಯಿದೆ ಎಂಬ ಗಾಳಿಮಾತು ಹಬ್ಬಿದ್ದೇ ತಡ, ಓಣಿಯ ಗಂಡಸರು ಬೇವಿನ ಗಿಡದ ಕೆಳಗೆ ಸಭೆ ಸೇರಿದರು. ವಾಡೆ ಸಿಕ್ಕರೆ ಏನು ಮಾಡಬೇಕೆಂಬುದು ವಿಷಯ. ಕಾಳಿನ ದಲ್ಲಾಳಿ ನಡೆಸುವ ಅಡತಿ ಅಂಗಡಿಯ ಸಾವಕಾರರು ಅಲ್ಲಿ ತೊಗರಿಯ ಚೀಲ ಒಟ್ಟಬೇಕೆಂದರು. ತೊಗರಿ ಅವರದು, ಜಾಗ ಎಲ್ಲರದು. ಭಜನೆಯ ಹಿರಿಯರು ಭಜನೆಗೆ ಬೇಕೆಂದರು. ತಾಲೀಮಿನ ಉಸ್ತಾದರು ಅಂಗಳದಲ್ಲಿ ಕುಸ್ತಿಯ ಅಖಾಡ ಆಗಬೇಕೆಂದರು. ಮಾತು ಏರಿತು. ಒಬ್ಬರು ಇನ್ನೊಬ್ಬರ ಅಜ್ಜನ ವಿಷಯ ತೆಗೆದರು. ಮೂವರೂ ಇನ್ನೂ ಕಾಲಿಡದ ಮನೆಗಾಗಿ ರುಮಾಲು ಬಿಚ್ಚಿ ನಿಂತರು. ಕೊನೆಗೆ ಒಂದು ರಾಜಿಯಾಯಿತು: ಪಡಸಾಲೆಯಲ್ಲಿ ತೊಗರಿ, ಜಗಲಿಯಲ್ಲಿ ಭಜನೆ, ಅಂಗಳದಲ್ಲಿ ಅಖಾಡ. ಅಖಾಡದ ನಡುವೆ ಬಾವಿ ಬರುವುದರಿಂದ, ಪೈಲವಾನರು ಬಿದ್ದಾರೆಂದು ಅದನ್ನು ಹಲಗೆಯಿಂದ ಮುಚ್ಚುವುದು. ಎಲ್ಲರೂ ಒಪ್ಪಿದರು.

ನಮ್ಮ ಮನೆಯ ಬಾಗಿಲ ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: "ಮತ್ತ ನೀರು?"

ಸಾವಕಾರರು ನಕ್ಕರು. "ನೀರಿನ ಚಿಂತಿ ನಿನಗ್ಯಾಕವ್ವಾ? ನೀರು ದಿನಾ ತಾನ ಮನಿಗೆ ಬರಾಕತ್ತದಲ್ಲ!"

"ಹೌದ್ರೀ ಸಾವಕಾರ್ರ, ಅದಕ್ಕ ಕಾಲು ಬಂದಾವ" ಎಂದರು ಅತ್ತಿಗೆ. "ಎರಡರಾಗ ಒಂದು ಕುಂಟ್ತದ, ಅಷ್ಟ."

ಕಮಲಾಪುರದ ವಾರಸುದಾರರು

ತೀರಿಕೊಂಡ ಯಜಮಾನರ ದೂರದ ದಾಯಾದಿಗಳು ಕಮಲಾಪುರದಲ್ಲಿದ್ದಾರೆಂದು ಯಾರೋ ಕಚೇರಿಗೆ ತಿಳಿಸಿದರು. ವಾಡೆ ತಮ್ಮದಲ್ಲವೆಂದು ಅವರಿಂದ ಬರೆಸಿಕೊಂಡು ಬಂದರೆ ಅರ್ಜಿಯನ್ನು ಮುಂದೆ ನೂಕಬಹುದೆಂದು ಸಾಹೇಬರು ಸಲಹೆ ನೀಡಿದರು. ನಾನು ಬಂಡಿ ಹತ್ತಿ, ಮಹಾಗಾಂವದಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಕಮಲಾಪುರ ಸೇರಿದೆ.

ಅಣ್ಣತಮ್ಮಂದಿರಿಬ್ಬರು. ತೋಟದವರು, ಉಂಡುಟ್ಟು ಚೆನ್ನಾಗಿದ್ದವರು. ನನ್ನನ್ನು ಕಂಬಳಿಯ ಮೇಲೆ ಕೂರಿಸಿ, ತಮ್ಮ ತೋಟದ ಕೆಂಪು ಬಾಳೆಹಣ್ಣಿನ ಚಿಪ್ಪನ್ನು ಮುಂದಿಟ್ಟರು. ವಿಷಯ ಹೇಳಿದೆ.

"ಆ ಮನೀನೇನ್ರೀ?" ಅಣ್ಣ ಕೈಯನ್ನೇ ಝಾಡಿಸಿದ. "ಅದಕ್ಕೂ ನಮಗೂ ಏನೂ ಸಂಬಂಧಿಲ್ಲ ಬಿಡ್ರಿ."

ಪ್ಲೇಗಿನಲ್ಲಿ ಯಜಮಾನರು ತೀರಿಕೊಂಡಾಗ ಹೆಣ ಎತ್ತಲು ಬನ್ನಿರೆಂದು ಓಣಿಯವರು ಹೇಳಿಕಳಿಸಿದ್ದಕ್ಕೂ ಇದೇ ಉತ್ತರ ಬಂದಿತ್ತು. ಹೆಣವನ್ನು ಓಣಿಯವರೇ ಎತ್ತಿದರು. ಅದನ್ನು ನೆನಪಿನಲ್ಲಿಟ್ಟುಕೊಂಡೇ ನಾನು ಶಾಂತವಾಗಿ ಹೇಳಿದೆ: "ಬಹಳ ಸಂತೋಷ. ಆ ಮಾತನ್ನೇ ಬರೆದುಕೊಡಿ."

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ಬಾಳೆಹಣ್ಣಿನ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದ.

"ಬರದು ಕೊಡೂದಾ? ಬರದು ಕೊಡಬೇಕಾದ್ರ ಅದು ಮೊದಲು ನಮ್ಮದಾಗಿರಬೇಕಲ್ರೀ."

"ಸರಿ. ನಿಮ್ಮದೆಂದೇ ಇಟ್ಟುಕೊಳ್ಳೋಣ. ನಿಮ್ಮದನ್ನು ಓಣಿಗೆ ಬಿಟ್ಟುಕೊಟ್ಟಿದ್ದೀರೆಂದು ಬರೆಯಿರಿ."

"ನಮ್ಮದಾದ್ರ ಯಾಕ ಬಿಡೂದ್ರೀ?"

ಅಲ್ಲಿಂದ ಮುಂದೆ ಇಬ್ಬರೂ ನನ್ನನ್ನು ಮರೆತರು. ಬಾವಿ ಯಾರ ಪಾಲಿಗೆ ಬರಬೇಕೆಂಬ ಮಾತು ಹುಟ್ಟಿತು. "ಹಿರೇ ಮಗ ನಾ, ಬಾವಿ ನಂದು." "ನಿಂದಾದ್ರ ಮುಂಬಾಗಿಲಾ ನಂದು, ಹ್ಯಾಂಗ ಒಳಗ ಹೋಗ್ತಿ ನೋಡ್ತೀನಿ." ನೆಲದ ಮೇಲೆ ಜೋಳದ ಕಾಳಿಟ್ಟು, ತಾವು ಒಮ್ಮೆಯೂ ನೋಡಿರದ ವಾಡೆಯ ನಡುವೆ ಗೋಡೆ ಎಲ್ಲಿ ಬರಬೇಕೆಂದು ಗುರುತು ಹಾಕತೊಡಗಿದರು. ನಾನು ಬರಿಗೈಯಲ್ಲಿ ಬಂಡಿ ಹತ್ತಿದಾಗ ಅಣ್ಣ ಹಿಂದಿನಿಂದ ಓಡಿಬಂದ. ಮನಸ್ಸು ಕರಗಿತೇನೋ ಎಂದು ಬಂಡಿ ನಿಲ್ಲಿಸಿದೆ.

"ಓಣ್ಯಾವ್ರಿಗೆ ಸ್ವಲ್ಪ ಹೇಳ್ರಿ" ಎಂದ. "ನಮ್ಮ ಹೊಸ್ತಿಲಾ ದಿನಾ ಚೊಕ್ಕ ಮಾಡ್ರಿ ಅಂತ. ಎಷ್ಟಂದ್ರೂ ಹಿರೇರ ಮನಿ."

ಸಾರ್ವಜನಿಕರು

ಎಲ್ಲಕ್ಕೂ ಕಡೆಯಲ್ಲಿ, ಯಾವ ಕಾರಣಕ್ಕೆಂದು ನನಗೆ ಈಗಲೂ ತಿಳಿಯದು, ಹೈದರಾಬಾದಿನಿಂದ ಹುಕುಂ ಬಂತು: ಸದರಿ ವಾಡೆಯನ್ನು ಸಾರ್ವಜನಿಕರ ಹಿತಕ್ಕಾಗಿ ಮೀಸಲಿಡಲಾಗಿದೆ. ಓಣಿಯಲ್ಲಿ ಬೆಲ್ಲ ಹಂಚಿದರು. ಅತ್ತಿಗೆ ಕೊಡವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬಾಗಿಲಲ್ಲಿಟ್ಟರು.

ಮರುದಿನ ಗೌಂಡಿಗಳು ಬಂದು ಹಿಂದಿನ ಕಂಡಿಯನ್ನು ಕಲ್ಲು-ಗಾರೆಯಿಂದ ಮುಚ್ಚಿದರು. ಎಮ್ಮೆಗೂ ದಾರಿ ಇಲ್ಲವಾಯಿತು. ಮುಂಬಾಗಿಲಿಗೆ ಹಲಗೆಯೊಂದನ್ನು ಬಡಿದರು: 'ಇದು ಸಾರ್ವಜನಿಕರ ಆಸ್ತಿ. ಸಾರ್ವಜನಿಕರಿಗೆ ಪ್ರವೇಶವಿಲ್ಲ.' ಮೊಹರು ಒಡೆದು, ಬೀಗ ತೆಗೆದು, ಒಳಗೆ ಸಂಸಾರ ಸಮೇತ ವಾಸವಿರಲು ಒಬ್ಬ ಕಾವಲುಗಾರನನ್ನೂ ನೇಮಿಸಿದರು. ನಾನು ಕಚೇರಿಗೆ ಧಾವಿಸಿದೆ. ಸಾಹೇಬರಿಗೆ ನನ್ನ ಕೋಪ ಆಶ್ಚರ್ಯ ತಂದಿತು.

"ಸಾರ್ವಜನಿಕರನ್ನು ಒಳಗೆ ಬಿಟ್ಟರೆ ಸಾರ್ವಜನಿಕರ ಆಸ್ತಿ ಹಾಳಾಗುವುದಿಲ್ಲವೇ? ಬಿ.ಎ. ಓದಿದವರು ತಾವು."

ನಾನು ಹೈದರಾಬಾದಿಗೆ ಇನ್ನೊಂದು ಅರ್ಜಿ ಬರೆಯಲು ಕುಳಿತೆ. ಅತ್ತಿಗೆ ಅರಿಶಿನ-ಕುಂಕುಮದ ತಟ್ಟೆ ಹಿಡಿದು, ಕಂಕುಳಲ್ಲಿ ಬರಿ ಕೊಡವನ್ನಿಟ್ಟುಕೊಂಡು, ಕುಂಟುತ್ತ ವಾಡೆಯತ್ತ ನಡೆದರು.

ಕಾವಲುಗಾರನ ಹೆಂಡತಿ ಮಹಾಗಾಂವದ ಹೆಣ್ಣುಮಗಳು. ಊರು ಹೊಸದು, ಮಾತಿಗೆ ಜನವಿಲ್ಲ. ಮನೆಗೆ ಬಂದ ಮುತ್ತೈದೆ ಬರಿ ಕೊಡ ಹೊತ್ತೇ ಮರಳಿ ಹೊಸ್ತಿಲು ದಾಟಿದರೆ ಆ ಮನೆಗೆ ಶುಭವಲ್ಲವೆಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. "ಅಯ್ಯ ಯಕ್ಕಾ, ಬರೀ ಕೊಡ ಹ್ಯಾಂಗ ಒಯ್ತಿ, ತಡಿ" ಎಂದು ತಾನೇ ಸೇದಿ ತುಂಬಿಕೊಟ್ಟಳು. ಮರುದಿನ ಮತ್ತಿಬ್ಬರು ಕುಂಕುಮಕ್ಕೆ ಬಂದರು, ಕೊಡದೊಂದಿಗೆ. ಸ್ವಲ್ಪ ದಿನಗಳಲ್ಲಿ ಇಡೀ ಓಣಿಗೆ ಅವಳ ಮೇಲೆ ಅಪಾರ ಪ್ರೀತಿ ಹುಟ್ಟಿತು. ಎರಡು ಹೊತ್ತೂ ಮಾತನಾಡಿಸಲು ಬರುತ್ತಿದ್ದರು.

ಸುದ್ದಿ ಮುಟ್ಟಿ ಸಾಹೇಬರು ಬಂದರು. ಅಂಗಳದ ತುಂಬ ಹೆಂಗಸರು, ಕೊಡಗಳು. ಏನಾಗುವುದೋ ಎಂದು ನಾನು ಅವರ ಹಿಂದೆಯೇ ಒಳಗೆ ಹೋದೆ. ಕಾವಲುಗಾರ ಓಡಿಬಂದು ಸಲಾಮು ಮಾಡಿದ.

"ಇವರೆಲ್ಲ ಸಾರ್ವಜನಿಕರೇ?"

"ಅಲ್ಲ ಹುಜೂರ್, ನಮ್ಮ ಬೀಗರು" ಎಂದ ಆತ.

ಸಾಹೇಬರು ಒಬ್ಬೊಬ್ಬರನ್ನೇ ಕೇಳಿದರು. ಅತ್ತಿಗೆ, "ಅಕ್ಕ ಆಗಬೇಕ್ರೀ" ಎಂದರು. ಪಕ್ಕದವರು ಚಿಕ್ಕವ್ವನಾದರು. ಸಾವಕಾರರ ಹೆಂಡತಿ ಸೋದರತ್ತೆಯಾದರು. ಅವರ ಪಕ್ಕದಲ್ಲಿ ಹತ್ತಿ ಹಿಂಜುವವನ ಹೆಂಡತಿ ಬುರಖಾದ ಮುಸುಕೆತ್ತದೆ, "ಖಾಲಾ ಹೂಂ ಸಾಬ್" ಎಂದು ಉರ್ದುವಿನಲ್ಲಿ ಚಿಕ್ಕಮ್ಮನಾದಳು.

ಸಾಹೇಬರು ಕಾವಲುಗಾರನತ್ತ ತಿರುಗಿದರು. "ನೀನು ಹಣೆಗೆ ವಿಭೂತಿ ಹಚ್ಚುವವನು. ಇವಳು ನಿನಗೆ ಖಾಲಾ ಆದದ್ದು ಹೇಗೆ?"

"ಸಂಬಂಧ ಎಲ್ಲಾ ಹೆಂಡ್ತಿ ಕಡೀದು ಹುಜೂರ್. ನಾ ಕೇಳಿಲ್ಲ. ಕೇಳೂ ಧೈರ್ಯಾನೂ ಇಲ್ಲ."

ಸಾಹೇಬರೂ ಸಂಸಾರಿಗಳು. ಈ ಉತ್ತರದ ಸತ್ಯ ಅವರಿಗೆ ಒಡನೆಯೇ ಮನದಟ್ಟಾಯಿತು. ಆದರೂ ಹುಕುಂ ಹುಕುಮೇ.

"ಹಾಗಾದರೆ ಇಲ್ಲಿ ಸಾರ್ವಜನಿಕರು ಯಾರೂ ಇಲ್ಲ?"

"ಒಬ್ಬರೂ ಇಲ್ಲ ಹುಜೂರ್. ಬಂದ್ರ ನಾ ಬಿಡ್ತೀನೇನ್ರೀ?"

ಸಾಹೇಬರ ದೃಷ್ಟಿ ಆಗ ನನ್ನ ಮೇಲೆ ಬಿತ್ತು. "ಮತ್ತೆ ಇವರು?"

ಕಾವಲುಗಾರ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ತುಂಬಿದ ಕೊಡವನ್ನು ಸೊಂಟಕ್ಕೇರಿಸಿ, ಸೆರಗು ಸರಿಪಡಿಸಿಕೊಂಡು ಹೇಳಿದರು:

"ಅವರಾ? ಅವರು ಅರ್ಜಿ ಬರ್ಯೂ ಸಾಹೇಬರು. ಅವರೊಬ್ಬರ ನೋಡ್ರಿ ಸಾರ್ವಜನಿಕರು. ಹೊರಗ ಹಾಕ್ರಿ."

ಹಾಕಿದರು. ಬಾಗಿಲು ಮುಚ್ಚಿತು. ಒಳಗೆ ಹೆಂಗಸರು ನಕ್ಕದ್ದು ಓಣಿಯ ತುದಿಯವರೆಗೂ ಕೇಳಿಸಿತು.

ನಮ್ಮ ಮನೆಯಲ್ಲಿ ಈಗ ಬೇಳೆ ಬೇಯುತ್ತದೆ. ಅತ್ತಿಗೆ ಕೆರೆಯ ಮೆಟ್ಟಿಲು ಹತ್ತುವುದಿಲ್ಲ. ಆದರೆ ಇದನ್ನು ಗೆಲುವೆಂದು ಕರೆಯಲು ನನಗೆ ಮನಸ್ಸಿಲ್ಲ. ಆ ಕಾವಲುಗಾರನಿಗೆ ಬೇರೆ ಊರಿಗೆ ವರ್ಗವಾದ ದಿನ ನಮ್ಮ ಓಣಿಯ ನೆಂಟಸ್ತನ ಮುಗಿಯುತ್ತದೆ. ನೆಂಟರಾಗಿ ಪಡೆದ ನೀರನ್ನು ಹಕ್ಕಿನಿಂದ ಕೇಳಲು ಯಾರಿಗೂ ಬಾಯಿರುವುದಿಲ್ಲ. ಶಹಾಬಜಾರದಲ್ಲಿ ಮೊಹರು ಹೊತ್ತ ಬಾಗಿಲು ಇದೊಂದೇ ಅಲ್ಲ. ಕಮಲಾಪುರದಲ್ಲಿಯೂ ನಾನು ಕಂಡಿದ್ದೇನೆ. ಆದ್ದರಿಂದ ಓದಿ ಮುಗಿಸಿದವರಲ್ಲಿ ಒಂದು ವಿನಂತಿ. ಈ ಹಾಳೆಯನ್ನು ಮಡಿಸಿ ಗೂಡಿನಲ್ಲಿಡಬೇಡಿ. ಪಕ್ಕದ ಮನೆಗೆ ಕೊಡಿ, ಅವರು ಪಕ್ಕದ ಓಣಿಗೆ ಕೊಡಲಿ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ. ನೀರು ಹೊರುವ ಹೆಂಗಸರಿಗೆ ಎಲ್ಲರಿಗಿಂತ ಮೊದಲು ಹೇಳಿ.